ಕೊಲೆಗಾರ ಯಾರೆಂದು ತಿಳಿದ ಮೇಲೂ: ಕ್ರಿಸ್ಟಿ, ಸೇಯರ್ಸ್, ಕಾಲಿನ್ಸ್

ಪತ್ತೇದಾರಿ ಕಾದಂಬರಿಯನ್ನು ಎರಡನೆಯ ಬಾರಿ ಕೈಗೆತ್ತಿಕೊಳ್ಳುವವರು ಕಡಿಮೆ. ಅಪರಾಧಿ ಯಾರೆಂದು ಗೊತ್ತಾದ ಮೇಲೆ ಅದರಲ್ಲಿ ಓದಲು ಇನ್ನೇನು ಉಳಿಯಿತು ಎಂದು ಕೇಳುವುದು ಸಹಜವೇ. ಆದರೂ ಇಂಗ್ಲಿಷಿನ ಹಳೆಯ ಪತ್ತೇದಾರಿ ಕೃತಿಗಳ ತೂಕವನ್ನು ಅರಿಯಲು ಮರು ಓದಿಗಿಂತ ಮಿಗಿಲಾದ ಪರೀಕ್ಷೆ ನನಗೆ ಕಂಡಿಲ್ಲ. ನಾನು ಬಹಳ ಮೆಚ್ಚಿಕೊಂಡಿರುವ ಮೂರು ಕೃತಿಗಳನ್ನು, ಅಂದರೆ ವಿಲ್ಕಿ ಕಾಲಿನ್ಸ್ ಅವರ ‘ದಿ ಮೂನ್‌ಸ್ಟೋನ್’ (1868), ಡೊರೊಥಿ ಎಲ್. ಸೇಯರ್ಸ್ ಅವರ ‘ದಿ ನೈನ್ ಟೈಲರ್ಸ್’ (1934) ಮತ್ತು ಅಗಾಥಾ ಕ್ರಿಸ್ಟಿ ಅವರ ‘ಫೈವ್ ಲಿಟಲ್ ಪಿಗ್ಸ್’ (1942) ಇವುಗಳನ್ನು ಈ ಪರೀಕ್ಷೆಗೆ ಒಡ್ಡಿ ಓದಿದ್ದೇನೆ. ಮೂರರ ಅಪರಾಧಿಗಳ ಹೆಸರನ್ನೂ ಇಲ್ಲಿ ಹೇಳುವುದಿಲ್ಲ.

ಕ್ರಿಸ್ಟಿಯವರ ಕಾದಂಬರಿಗಳಲ್ಲಿ ಹೆಚ್ಚಿನವರು ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ಗೆ ಮೊದಲ ಸ್ಥಾನ ಕೊಡುತ್ತಾರೆ. ನಾನು ‘ಫೈವ್ ಲಿಟಲ್ ಪಿಗ್ಸ್’ ಅನ್ನು ಅದಕ್ಕಿಂತ ಮೇಲೆ ಇಡುತ್ತೇನೆ. 16 ವರ್ಷಗಳ ಹಿಂದೆ ಏಮಿಯಸ್ ಕ್ರೇಲ್ ಎಂಬ ಚಿತ್ರಕಾರ ವಿಷದಿಂದ ಸತ್ತಿದ್ದಾನೆ. ಹೆಂಡತಿಗೆ ಶಿಕ್ಷೆಯಾಗಿ ಆಕೆ ಸೆರೆಮನೆಯಲ್ಲೇ ತೀರಿಕೊಂಡಿದ್ದಾಳೆ. ಬೆಳೆದು ದೊಡ್ಡವಳಾದ ಮಗಳು ಈಗ ನಿಜ ತಿಳಿಯಬೇಕೆಂದು ಕ್ರಿಸ್ಟಿಯವರ ಪತ್ತೇದಾರ ಪೊಯ್ರೋ ಬಳಿಗೆ ಬರುತ್ತಾಳೆ. ಹೆಜ್ಜೆ ಗುರುತಿಲ್ಲ, ಬೆರಳಚ್ಚಿಲ್ಲ. ಅಂದು ಅಲ್ಲಿದ್ದ ಐವರ ನೆನಪುಗಳಷ್ಟೇ ಪೊಯ್ರೋ ಕೈಯಲ್ಲಿರುವ ಸಾಕ್ಷ್ಯ. ಹೆಂಡತಿ ತಂದುಕೊಟ್ಟ ತಣ್ಣನೆಯ ಬಿಯರನ್ನು ಕುಡಿದ ಕ್ರೇಲ್, ಇವತ್ತು ಎಲ್ಲವೂ ಕೆಟ್ಟ ರುಚಿಯಾಗಿದೆ ಎನ್ನುತ್ತಾನೆ. ಮೊದಲ ಓದಿನಲ್ಲಿ ಇದು ಸಿಡುಕಿನ ಮನುಷ್ಯನೊಬ್ಬನ ಗೊಣಗಾಟವೆಂದು ದಾಟಿಹೋಗುತ್ತದೆ. ಎರಡನೆಯ ಓದಿನಲ್ಲಿ ‘ಎಲ್ಲವೂ’ ಎಂಬಲ್ಲಿಗೆ ಬಂದಾಗ ಕಣ್ಣು ಮುಂದೆ ಸರಿಯುವುದಿಲ್ಲ, ಏಕೆಂದರೆ ಇಡೀ ಪ್ರಕರಣ ಆ ಮಾತಿನಲ್ಲೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಟಾರ್ಕಿ ಪಟ್ಟಣದ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ವಿಷಗಳ ಗುಣವನ್ನು ಬಲ್ಲವರಾಗಿದ್ದ ಕ್ರಿಸ್ಟಿ, ಹೆಮ್ಲಾಕ್ ಗಿಡದ ಕೊನೈನ್ ಎಂಬ ವಿಷ ಎಷ್ಟು ಹೊತ್ತಿಗೆ ಹೇಗೆ ಏರುತ್ತದೆ ಎಂಬ ಲೆಕ್ಕವನ್ನು ಕಥೆಯ ಬೆನ್ನೆಲುಬಾಗಿಸಿದ್ದಾರೆ. ಸುಳಿವನ್ನು ಓದುಗರ ಕಣ್ಣೆದುರೇ ಇಟ್ಟು ಕಾಣದಂತೆ ಮಾಡುವ ಕೌಶಲದಲ್ಲಿ ಉಳಿದಿಬ್ಬರೂ ಇವರ ಸಮಕ್ಕೆ ಬರುವುದಿಲ್ಲ.

ಸೇಯರ್ಸ್ ಅವರ ಬಲ ಬೇರೆಯದು. ಅವರ ತಂದೆ ಪೂರ್ವ ಇಂಗ್ಲೆಂಡಿನ ಫೆನ್ಸ್ ಎಂಬ ತಗ್ಗು ಜೌಗು ಪ್ರದೇಶದಲ್ಲಿ ಪಾದ್ರಿಯಾಗಿದ್ದರು. ಆ ನೆಲದ ನಾಲೆ, ಒಡ್ಡು, ತೂಬುಗಳ ತಿಳಿವಳಿಕೆ ‘ದಿ ನೈನ್ ಟೈಲರ್ಸ್’ನ ಪುಟಪುಟದಲ್ಲೂ ಇದೆ. ಹೊಸ ವರ್ಷದ ಹಿಂದಿನ ರಾತ್ರಿ ಹಿಮದಲ್ಲಿ ಕಾರು ಹಳ್ಳಕ್ಕಿಳಿದು ಒಂದು ಹಳ್ಳಿಯಲ್ಲಿ ಉಳಿದ ಸೇಯರ್ಸ್ ಅವರ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ, ಜ್ವರದಿಂದ ಮಲಗಿದವನೊಬ್ಬನ ಬದಲಿಗೆ ಚರ್ಚಿನ ಗಂಟೆ ಬಾರಿಸಲು ನಿಲ್ಲುತ್ತಾನೆ. ಗಂಟೆ ಬಾರಿಸುವ ಆ ತಂಡದವರು ಬಾರಿಸುವುದು ರಾಗವನ್ನಲ್ಲ. ಎಂಟು ಗಂಟೆಗಳ ಸರದಿ ಪ್ರತಿ ಸಾಲಿನಲ್ಲೂ ಬದಲಾಗುತ್ತ, ಒಮ್ಮೆ ಬಂದ ಕ್ರಮ ಮತ್ತೆ ಬಾರದಂತೆ ಸಾಗಬೇಕು. ಎಂಟು ಗಂಟೆಗಳಿಗೆ ಇಂಥ 40,320 ಕ್ರಮಗಳು ಸಾಧ್ಯ. ಅಂದು ರಾತ್ರಿ ಅವರು 15,840 ಕ್ರಮಗಳನ್ನು ಒಂಬತ್ತು ತಾಸು ಎಡೆಬಿಡದೆ ಬಾರಿಸುತ್ತಾರೆ. ಇದು ಅಲಂಕಾರಕ್ಕೆ ಸೇರಿಸಿದ ವಿವರವಲ್ಲ, ಅಪರಾಧದ ಒಳಗೇ ಹೆಣೆದುಕೊಂಡಿದೆ ಎಂದಷ್ಟೇ ಹೇಳಬಲ್ಲೆ. ಕೊನೆಯ ಪ್ರವಾಹದ ಅಧ್ಯಾಯವನ್ನು, ಊರಿಗೆ ಊರೇ ದನಕರುಗಳ ಸಮೇತ ಎತ್ತರದ ಚರ್ಚಿನ ಆವರಣಕ್ಕೆ ಬಂದು ಸೇರುವ ಆ ಭಾಗವನ್ನು, ಎಷ್ಟು ಸಲ ಓದಿದರೂ ನನಗೆ ತೃಪ್ತಿಯಿಲ್ಲ. ಆದರೆ ನಡುವಿನ ಗುಪ್ತಲಿಪಿಯ ಬಿಡಿಸಾಟ ಮರು ಓದಿನಲ್ಲಿ ಭಾರವಾಗುತ್ತದೆ, ಮತ್ತು ಸಾವು ಹೇಗೆ ಸಂಭವಿಸಿತೆಂಬ ಉತ್ತರ ಭವ್ಯವಾಗಿದ್ದರೂ ದೇಹಧರ್ಮದ ದೃಷ್ಟಿಯಿಂದ ಅದನ್ನು ನಂಬಲು ನನಗೆ ಕಷ್ಟ.

‘ದಿ ಮೂನ್‌ಸ್ಟೋನ್’ ಈ ಎರಡರ ಗುಣಗಳನ್ನೂ ಅವಕ್ಕಿಂತ ಬಹಳ ಮೊದಲೇ ತೋರಿಸಿತ್ತು. ಡಿಕನ್ಸ್ ಅವರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯಲ್ಲಿಯೂ ಹಲವರು ಕಥೆ ಹೇಳುತ್ತಾರೆ. ತಾನು ಕಂಡದ್ದನ್ನು ಮಾತ್ರ ಬರೆಯಬೇಕೆಂಬುದು ಅವರಿಗಿರುವ ನಿಯಮ. ಯಾರ್ಕ್‌ಷೈರಿನ ಮನೆಯೊಂದರಲ್ಲಿ ಹುಟ್ಟುಹಬ್ಬದ ರಾತ್ರಿ ಮೂನ್‌ಸ್ಟೋನ್ ಎಂಬ ವಜ್ರ ಕಳುವಾಗುತ್ತದೆ. ಆಗಷ್ಟೇ ಬಣ್ಣ ಬಳಿದ ಬಾಗಿಲಿನ ಮೇಲೆ ಒಂದು ಸಣ್ಣ ಉಜ್ಜು ಗುರುತಿದೆ. ಸ್ಥಳೀಯ ಪೊಲೀಸ್ ಅಧಿಕಾರಿ ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕುತ್ತಾನೆ. ಲಂಡನ್ನಿನಿಂದ ಬಂದ ಸಾರ್ಜೆಂಟ್ ಕಫ್ ಮಾತ್ರ ಬಣ್ಣ ಒಣಗಲು ಎಷ್ಟು ಹೊತ್ತು ಬೇಕೆಂದು ವಿಚಾರಿಸಿ, ಆ ಗುರುತು ಯಾವ ಹೊತ್ತಿನೊಳಗೆ ಬಿದ್ದಿರಬೇಕೆಂದು ನಿಶ್ಚಯಿಸಿ, ಬಣ್ಣ ತಗಲಿದ ಬಟ್ಟೆಯನ್ನು ಹುಡುಕಲು ಹೊರಡುತ್ತಾನೆ. ಇಷ್ಟು ಕುಶಲಿಯಾದ ಕಫ್‌ನ ಮೊದಲ ತೀರ್ಮಾನ ತಪ್ಪಾಗುತ್ತದೆ ಎಂಬುದು ನನಗೆ ಬಹಳ ಹಿಡಿಸಿತು. ಪೊಯ್ರೋ ಅಥವಾ ವಿಮ್ಸಿಗಿಂತ ಈ ಗುಲಾಬಿಪ್ರೇಮಿ ಪೊಲೀಸಿನವನು ಹೆಚ್ಚು ನೈಜ ಮನುಷ್ಯನಾಗಿ ಕಾಣುವುದೂ ಇದರಿಂದಲೇ. ಕಥೆ ಹೇಳುವವರಲ್ಲಿ ಒಬ್ಬಳಾದ ಮಿಸ್ ಕ್ಲ್ಯಾಕ್‌ಳ ಭಾಗ ಅಗತ್ಯಕ್ಕಿಂತ ಉದ್ದವಾಗಿದೆ ಎಂಬುದನ್ನು ಒಪ್ಪುತ್ತೇನೆ.

ಕನ್ನಡ ಓದುಗರಿಗೆ ಈ ಕಾದಂಬರಿ ಹತ್ತಿರವಾಗಲು ಇನ್ನೊಂದು ಕಾರಣವಿದೆ. ಇದರ ಮೊದಲ ಅಪರಾಧ ನಡೆಯುವುದು ಇಂಗ್ಲೆಂಡಿನಲ್ಲಲ್ಲ, 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ. ಕೋಟೆ ಬಿದ್ದ ದಿನ ಟಿಪ್ಪುವಿನ ಶಸ್ತ್ರಾಗಾರದಲ್ಲಿ ಜಾನ್ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ಸುರಿಯುವ ಕಠಾರಿ ಹಿಡಿದು ನಿಂತಿರುವುದನ್ನು ಅವನ ದಾಯಾದಿಯೇ ನೋಡುತ್ತಾನೆ. ವಜ್ರವಿರುವುದು ಆ ಕಠಾರಿಯ ಹಿಡಿಯಲ್ಲಿ. ವಸಾಹತುಶಾಹಿಯ ಉಚ್ಛ್ರಾಯದ ಕಾಲದಲ್ಲಿ ಬರೆಯುತ್ತಿದ್ದ ಕಾಲಿನ್ಸ್, ಮನೆಯೊಳಗಿನ ಕಳ್ಳತನಕ್ಕೂ ಮುಂಚೆ ಈ ಲೂಟಿಯನ್ನೂ ಕೊಲೆಯನ್ನೂ ಓದುಗರ ಮುಂದಿಟ್ಟು, ಕಥೆಯುದ್ದಕ್ಕೂ ಅದನ್ನು ಮರೆಯಲು ಬಿಡುವುದಿಲ್ಲ. ಮರು ಓದಿನಲ್ಲಿ ನನಗೆ ಅತಿ ಹೆಚ್ಚು ದಕ್ಕಿದ್ದು ಈ ಕೃತಿಯೇ, ಮತ್ತು ಮೂರರಲ್ಲಿ ಇದಕ್ಕೇ ನನ್ನ ಮೊದಲ ಸ್ಥಾನ. ಮೂರನ್ನೂ ಓದದವರು ಮಾತ್ರ ಕ್ರಿಸ್ಟಿಯಿಂದ ಆರಂಭಿಸಲಿ. ಅದು ಚಿಕ್ಕದು, ಭಾಷೆಯೂ ಸರಳ. ಸೇಯರ್ಸ್ ಅವರನ್ನು ಕೊನೆಗೆ, ಪುರುಸೊತ್ತು ಇರುವಾಗ ಓದುವುದು ಒಳ್ಳೆಯದು.