ಬ್ಲೀಚ್ ತುಂಬಿಡಲು ಗಾಜೋ, ತಗಡೋ, ಪ್ಲಾಸ್ಟಿಕ್ಕೋ?

ದೊಡ್ಡ ಕ್ಯಾನಿನಲ್ಲಿ ಕೊಂಡ ಬ್ಲೀಚ್ ದ್ರಾವಣವನ್ನು ದಿನಬಳಕೆಗೆಂದು ಚಿಕ್ಕದಕ್ಕೆ ಸುರಿದಿಟ್ಟುಕೊಳ್ಳುವವರಿಗೆ ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ತಳದಲ್ಲಿ ತ್ರಿಕೋನದೊಳಗೆ 2 ಎಂದು ಅಚ್ಚಾಗಿರುವ, ಬೆಳಕು ತೂರದಷ್ಟು ದಪ್ಪನೆಯ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್) ಕ್ಯಾನು. ಉಳಿದವನ್ನೆಲ್ಲ ಬಳಸಿ ನೋಡಿದ ಮೇಲೆಯೂ ಈ ಅಭಿಪ್ರಾಯ ಗಟ್ಟಿಯಾಯಿತೇ ಹೊರತು ಸಡಿಲವಾಗಲಿಲ್ಲ.

ಗಾಜಿನ ಮೇಲೆ ನನಗಿದ್ದ ಭರವಸೆ ದೊಡ್ಡದು, ಅದಕ್ಕೆ ಕಾರಣವೂ ಇತ್ತು. ಹೈಡ್ರೋಫ್ಲೋರಿಕ್ ಆಮ್ಲದಂಥ ಕೆಲವನ್ನು ಬಿಟ್ಟರೆ ಆಮ್ಲಗಳು ಗಾಜನ್ನು ತಿನ್ನುವುದಿಲ್ಲ. ಬ್ಲೀಚಿನಿಂದಲೂ ಅದಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ತೊಂದರೆ ಬಂದದ್ದು ಮುಚ್ಚಳದಿಂದ. ತಿರುಗಿಸಿ ಮುಚ್ಚುವ ಲೋಹದ ಮುಚ್ಚಳದ ಒಳಬದಿಗೆ ಬ್ಲೀಚಿನ ಆವಿ ತಾಗಿ ತುಕ್ಕು ಹಿಡಿಯಿತು. ಮುಚ್ಚಳ ಕಚ್ಚಿಕೊಂಡು ತೆರೆಯುವುದೇ ಕಷ್ಟವಾಯಿತು. ತೆರೆದಾಗಲೆಲ್ಲ ತುಕ್ಕಿನ ಚೂರುಗಳು ದ್ರಾವಣದೊಳಗೆ ಉದುರಿದವು.

ಇದು ಬರಿಯ ಕೊಳೆಯ ಪ್ರಶ್ನೆಯಲ್ಲ. ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ತಾನಾಗಿಯೇ ನಿಧಾನವಾಗಿ ಒಡೆಯುತ್ತದೆ, ಆಗ ಆಮ್ಲಜನಕವೂ ಹೊರಬರುತ್ತದೆ. ಬೆಳಕು ಮತ್ತು ಬಿಸಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ತಾಮ್ರ, ನಿಕಲ್‌ನಂಥ ಲೋಹಗಳ ಅಂಶ ಸೇರಿದರೂ ಹಾಗೆಯೇ. ಪಾರದರ್ಶಕ ಗಾಜು ಬೆಳಕನ್ನು ಒಳಬಿಡುತ್ತದೆ, ಲೋಹದ ಮುಚ್ಚಳ ತುಕ್ಕನ್ನು ಬೀಳಿಸುತ್ತದೆ, ಬಿಗಿಯಾಗಿ ಮುಚ್ಚಿದರೆ ಅನಿಲಕ್ಕೆ ಹೋಗಲು ದಾರಿಯಿಲ್ಲದೆ ಒತ್ತಡ ಹೆಚ್ಚುತ್ತದೆ. ಗಾಜು ಬಾಗುವ ವಸ್ತುವಲ್ಲವಾದ್ದರಿಂದ ಒಳಗಿನ ಒತ್ತಡ ಹೊರಗೆ ಕಾಣುವುದೂ ಇಲ್ಲ.

ಎಚ್‌ಡಿಪಿಇ ಕ್ಯಾನಿನ ಮುಚ್ಚಳವೂ ಪ್ಲಾಸ್ಟಿಕ್ಕಿನದೇ. ನಾನು ಕೊಂಡದ್ದರ ಮುಚ್ಚಳದಲ್ಲಿ ಅನಿಲವನ್ನು ಮಾತ್ರ ಹೊರಬಿಡುವ ಸಣ್ಣ ಕಿಂಡಿಯಿದೆ. ಅಂಥ ಕ್ಯಾನನ್ನು ಯಾವಾಗಲೂ ನೇರವಾಗಿ ನಿಲ್ಲಿಸಿಯೇ ಇಡಬೇಕು. ಒಳಗೆಷ್ಟು ಉಳಿದಿದೆ ಎಂಬುದು ಹೊರಗಿನಿಂದ ಕಾಣದಿರುವುದು ಇದರ ಕೊರತೆ, ಆದರೆ ಎತ್ತಿ ನೋಡಿದರೆ ಅಂದಾಜು ಸಿಗುತ್ತದೆ.

ಕುಡಿಯುವ ನೀರಿನ ಪಿಇಟಿ ಬಾಟಲಿಯ ಬಗ್ಗೆ ಹೆಚ್ಚು ಮಾತು ಬೇಡ. ಬ್ಲೀಚ್ ಕ್ಷಾರೀಯ, ಪ್ರಬಲ ಕ್ಷಾರ ಆ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾಯಾರಿದ ಮಗುವಿನ ಕಣ್ಣಿಗೆ ಅದು ನೀರಿನ ಬಾಟಲಿಯೇ. ಚೀಟಿ ಅಂಟಿಸಿದರೂ ಓದು ಬಾರದವರಿಗೆ ಅದರಿಂದ ರಕ್ಷಣೆಯಿಲ್ಲ.

ತಗಡಿನ ಡಬ್ಬಿ ಗೆಲ್ಲುವುದು ಒಂದೇ ಕಡೆ: ಬಣ್ಣದ ಥಿನ್ನರ್ ಮತ್ತು ಟರ್ಪೆಂಟೈನ್. ಇಂಥ ದ್ರಾವಕಗಳು ಎಚ್‌ಡಿಪಿಇ ಗೋಡೆಯ ಮೂಲಕ ಮೆಲ್ಲಗೆ ಹೊರಸೂಸುತ್ತವೆ, ಕ್ಯಾನಿನ ಪಕ್ಕಗಳು ಸೊಟ್ಟಗಾಗುತ್ತವೆ. ಆದ್ದರಿಂದ ಥಿನ್ನರನ್ನು ಅದು ಬಂದ ಡಬ್ಬಿಯಲ್ಲಿಯೇ ಬಿಟ್ಟಿದ್ದೇನೆ. ಆಸಿಡ್ಡನ್ನು ಮಾತ್ರ ತಗಡಿಗೆ ಹಾಕಲೇಬಾರದು. ಅದು ಲೋಹವನ್ನು ತಿನ್ನುತ್ತ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ.

ಶೌಚಾಲಯ ತೊಳೆಯುವ ಆಸಿಡ್ಡಿಗೂ ನಾನು ಎಚ್‌ಡಿಪಿಇಯನ್ನೇ ಬಳಸುತ್ತೇನೆ, ಆದರೆ ಬೇರೆ ಬಣ್ಣದ ಕ್ಯಾನು, ಬೇರೆ ಕಪಾಟು. ಬ್ಲೀಚಿಗೆ ಆಸಿಡ್ ಸೇರಿದರೆ ಹೊರಡುವ ಕ್ಲೋರಿನ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ, ಒಂದು ಸೋರಿದರೂ ಇನ್ನೊಂದಕ್ಕೆ ತಲುಪದಷ್ಟು ದೂರ ಅವುಗಳ ನಡುವೆ ಇರಲೇಬೇಕು. ಒಂದರ ಖಾಲಿ ಕ್ಯಾನನ್ನು ಇನ್ನೊಂದಕ್ಕೆ ಬಳಸುವುದೂ ಇಲ್ಲ.

ವಾರಕ್ಕೊಮ್ಮೆ ಮಾತ್ರ ಬ್ಲೀಚ್ ಬಳಸುವ, ಗಾಜಿಗೆ ಹೆಚ್ಚು ಹಣ ಕೊಡಲು ಮನಸ್ಸಿಲ್ಲದ ನನ್ನಂಥವರಿಗೆ ಚಿಕ್ಕ ಎಚ್‌ಡಿಪಿಇ ಕ್ಯಾನು ಸಾಕು. ತುಂಬಿದ ದಿನಾಂಕವನ್ನು ಅದರ ಮೇಲೆ ಬರೆದಿಟ್ಟು, ಶಕ್ತಿ ಕುಂದುವ ಮೊದಲೇ ಮುಗಿಯುವಷ್ಟನ್ನೇ ಸುರಿದುಕೊಳ್ಳುತ್ತೇನೆ.