ಬಾಲ್ಡರ್ಸ್ ಗೇಟ್ 3: ನಾಲ್ಕು ಸಲ ಮುಗಿಸಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಕಥೆಯ ಕೆಲವು ಗುಟ್ಟುಗಳು ಇಲ್ಲಿ ಬಯಲಾಗುತ್ತವೆ. ಆಟ ಇನ್ನೂ ಶುರು ಮಾಡದವರು ಸೀದಾ ಕೊನೆಯಿಂದ ಎರಡನೇ ಪ್ಯಾರಾಕ್ಕೆ ಹೋಗಬಹುದು.

ಬಾಲ್ಡರ್ಸ್ ಗೇಟ್ 3 ಅನ್ನೋದು ಲೇರಿಯನ್ ಸ್ಟುಡಿಯೋದವರ ವಿಡಿಯೋ ಗೇಮ್: ನಾವೊಂದು ಪಾತ್ರ ಕಟ್ಟಿಕೊಂಡು, ಜೊತೆಗಾರರ ಸಮೇತ ಸರದಿ ಪ್ರಕಾರ ಹೊಡೆದಾಡುತ್ತಾ, ದಾಳ ಹಾಕುತ್ತಾ ಕಥೆಯಲ್ಲಿ ಮುಂದೆ ಹೋಗಬೇಕು. 2023ರ ಆಗಸ್ಟ್‌ನಲ್ಲಿ ಪಿಸಿಗೆ ಬಂದ ವಾರವೇ ಕೂತಿದ್ದೆ. ಇಲ್ಲಿಯವರೆಗೆ ನಾಲ್ಕು ಸಲ ಪೂರ್ತಿ ಮುಗಿಸಿದ್ದೇನೆ, ಐದನೆಯದು ನಡೆಯುತ್ತಿದೆ. ಗಂಟೆಗಳ ಲೆಕ್ಕ 500 ದಾಟಿದೆ. (ಮನೆಯವರಿಗೆ ಇಷ್ಟು ಅಂತ ಹೇಳಿಲ್ಲ.) ಗ್ರಾಫಿಕ್ಸ್, ಸಂಗೀತ, ನಟರ ದನಿ ಎಲ್ಲ ಚೆನ್ನಾಗಿವೆ, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಬೇಕಿರುವುದು ಬೇರೆ. ಹೊಡೆದಾಟ, ನಾವು ಕಟ್ಟಿಕೊಂಡ ಪಾತ್ರ, ಕಥೆ: ಈ ಮೂರಕ್ಕೂ ಒಂದಕ್ಕೊಂದು ಲೆಕ್ಕ ಇದೆಯಾ, ಇಲ್ಲ ಬರೀ ಅಕ್ಕಪಕ್ಕ ಕೂತಿವೆಯಾ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಮೊದಲ ಸಲ ಆಡುವಾಗ, ಲಾಸ್ಟ್ ಲೈಟ್ ಇನ್ ಎಂಬ ಛತ್ರದಲ್ಲಿ. ಕಥೆಯ ಎರಡನೇ ಅಂಕ. ಸುತ್ತಲೂ ಶಾಪದ ಕತ್ತಲು. ಇಸೊಬೆಲ್ ಎಂಬ ಹುಡುಗಿ ತನ್ನ ಮಂತ್ರದ ಬೆಳಕಿನಿಂದ ಇಡೀ ಛತ್ರವನ್ನು ಕಾಯುತ್ತಿರುತ್ತಾಳೆ. ಮಹಡಿ ಹತ್ತಿ ಅವಳ ಜೊತೆ ಮಾತಾಡಿದೆ. ಮಾತು ಮುಗಿಯುವಷ್ಟರಲ್ಲಿ ಮಾರ್ಕಸ್ ಎಂಬ ರೆಕ್ಕೆಯವನು ತನ್ನ ದಂಡಿನ ಜೊತೆ ಬಂದಿಳಿದ. ಗೆಲ್ಲುವುದು ಕಷ್ಟ ಅನ್ನಿಸಲಿಲ್ಲ. ನಾನು ಮಾರ್ಕಸ್‌ನನ್ನೇ ಹೊಡೆಯುತ್ತಾ ಕೂತೆ. ಆ ಕಡೆ ಇಸೊಬೆಲ್ ಎರಡೇ ಸುತ್ತಿನಲ್ಲಿ ಬಿದ್ದಳು. ಅವಳನ್ನು ಎತ್ತಿಕೊಂಡು ಹೋದರು. ಬೆಳಕು ಆರಿತು. ಅರ್ಧ ಗಂಟೆ ಮುಂಚೆ ನನ್ನ ಜೊತೆ ಹರಟೆ ಹೊಡೆದವರೆಲ್ಲ ಕತ್ತಲಿನ ಹೆಣಗಳಾಗಿ ನನ್ನ ಮೇಲೇ ಬಂದರು.

ಎದೆ ಧಸಕ್ ಅಂತು. ಆದರೆ ನಿಜವಾದ ಪೆಟ್ಟು ಆಮೇಲೆ ಬಿತ್ತು. ಸತ್ತವರಲ್ಲಿ ಕಮ್ಮಾರ ಡ್ಯಾಮನ್ ಕೂಡ ಇದ್ದ. ನನ್ನ ಜೊತೆಗಾರ್ತಿ ಕಾರ್ಲಾಕ್‌ಗೆ ಎದೆಯಲ್ಲಿ ಹೃದಯದ ಬದಲು ನರಕದ ಎಂಜಿನ್ ಇದೆ. ಯಾರನ್ನೂ ಮುಟ್ಟುವ ಹಾಗಿಲ್ಲ, ಸುಟ್ಟುಹೋಗುತ್ತಾರೆ. ಅದನ್ನು ಸ್ವಲ್ಪ ತಣ್ಣಗೆ ಮಾಡಬಲ್ಲವನು ಡ್ಯಾಮನ್ ಒಬ್ಬನೇ. ನಾನು ಇಸೊಬೆಲ್ ಕಡೆ ನೋಡದೆ ಹೋದದ್ದಕ್ಕೆ ಕಾರ್ಲಾಕ್ ಆಟದ ಕೊನೆಯವರೆಗೂ ಯಾರನ್ನೂ ತಬ್ಬಿಕೊಳ್ಳಲಿಲ್ಲ.

ಬಹಳಷ್ಟು ಆಟಗಳಲ್ಲಿ ಸೋಲು ಅಂದರೆ ಹಿಂದಿನ ಸೇವ್‌ಗೆ ಮರಳುವ ಲೋಡ್ ಬಟನ್ ಅಷ್ಟೇ ಅಲ್ವಾ? ಇಲ್ಲಿ ಸೋಲು ಕಥೆಯೊಳಗೇ ಉಳಿಯುತ್ತದೆ. ಕಷ್ಟ ಎಷ್ಟಿರಬೇಕು ಅನ್ನುವುದಕ್ಕಿಂತ, ಕಷ್ಟ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ನನಗೆ ಮುಖ್ಯ. ಆ ಒಂದು ಜಗಳಕ್ಕಾಗಿಯೇ ಲೇರಿಯನ್‌ನವರಿಗೆ ಅರ್ಧ ಮಾರ್ಕ್ಸ್ ಜಾಸ್ತಿ ಕೊಡುತ್ತೇನೆ.

ಎರಡನೇ ಸಲ ಬಾರ್ಡ್, ಅಂದರೆ ಹಾಡು-ಮಾತು ಬಲ್ಲ ಪಾತ್ರ, ಆಗಿ ಆಡಿದೆ. ಆಟವೇ ಬೇರೆ! ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ. ಯುರ್ಗಿರ್ ಅಂತ ಒಬ್ಬ ದೈತ್ಯ ಇದ್ದಾನೆ. ಮೊದಲ ಸಲ ಅವನ ಬಾಂಬುಗಳಿಗೆ ನನ್ನ ಇಡೀ ತಂಡ ಮೂರು ಸಲ ಸತ್ತಿತ್ತು. ಬಾರ್ಡ್ ಸುಮ್ನೆ ನಿಂತು ಮಾತಾಡಿದ. ಯುರ್ಗಿರ್ ಮೊದಲು ತನ್ನ ಸೈನಿಕರನ್ನು ಕೊಂದ, ಆಮೇಲೆ ಸಾಕಿದ ಪ್ರಾಣಿಯನ್ನು, ಕೊನೆಗೆ ತನ್ನನ್ನೇ. ನಾನು ಕತ್ತಿ ಮುಟ್ಟಲೇ ಇಲ್ಲ. ಇದು 1997ರ ಫಾಲ್ಔಟ್‌ನಲ್ಲೂ ಇತ್ತು. ಅಲ್ಲಿ ಸಾಕ್ಷಿ ಸಮೇತ ವಾದ ಮಾಡಿದರೆ ಕೊನೆಯ ಖಳ ತಾನೇ ಪ್ರಾಣ ಬಿಡುತ್ತಾನೆ. ಹಳೆಯ ಬೇರಿನಲ್ಲಿ ಬಂದ ಒಳ್ಳೆಯ ಚಿಗುರು.

ಆದರೆ ಇಲ್ಲೇ ನನ್ನ ದೊಡ್ಡ ತಕರಾರು ಕೂಡ. ಎದುರಿನವನನ್ನು ಒಪ್ಪಿಸಲು ಮಾತು ಶುರು ಮಾಡಿದವನೇ ದಾಳ ಹಾಕಬೇಕು. ಪಕ್ಕದಲ್ಲೇ ನಿಂತ ಜೊತೆಗಾರ ಎಷ್ಟೇ ಮಾತುಗಾರನಾದರೂ ನಡುವೆ ಬಾಯಿ ಹಾಕುವಂತಿಲ್ಲ. ಕಥೆಯ ಮುಖ್ಯ ಮಾತುಗಳೆಲ್ಲ ನಮ್ಮ ಪಾತ್ರದ ಕೊರಳಿಗೇ ಬೀಳುತ್ತವೆ. ಹಾಗಾಗಿ ಕರಿಸ್ಮಾ, ಅಂದರೆ ಮಾತಿನ ಮೋಡಿ, ಬರೀ 8 ಇರುವ ಫೈಟರ್ ಪಾಡು ಕೇಳಬೇಡಿ. ಪಾತ್ರಕ್ಕೆ 12 ಕ್ಲಾಸ್ (ವೃತ್ತಿ) ಇವೆ, 2025ರ ಏಪ್ರಿಲ್‌ನ ಎಂಟನೇ ಪ್ಯಾಚ್‌ನಲ್ಲಿ ಕ್ಲಾಸಿಗೊಂದರಂತೆ 12 ಹೊಸ ಸಬ್‌ಕ್ಲಾಸ್ ಕೂಡ ಬಂದವು. ಆಯ್ಕೆಗೆ ಬರ ಇಲ್ಲ. ಆದರೂ ಮಾತಿನ ವಿಷಯಕ್ಕೆ ಬಂದರೆ ಕರಿಸ್ಮಾ ನೆಚ್ಚಿಕೊಂಡ ಬಾರ್ಡ್, ಪ್ಯಾಲಡಿನ್, ಸಾರ್ಸರರ್, ವಾರ್ಲಾಕ್ ಈ ನಾಲ್ವರಿಗೆ ಬಾಗಿಲು ತೆರೆದಿದೆ, ಉಳಿದವರು ಕಿಟಕಿಯಿಂದ ಹತ್ತಬೇಕು.

ದಾಳದ ಲೆಕ್ಕ ಮಾತ್ರ ನ್ಯಾಯವಾಗಿದೆ. ಗೆಲ್ಲಲು ಒಟ್ಟು 15 ಬೇಕು, ದಾಳಕ್ಕೆ ಸೇರಿಸಲು ನನ್ನ ಪಾತ್ರದ ಹತ್ತಿರ 5 ಇದೆ ಅಂದುಕೊಳ್ಳಿ. 20 ಮುಖದ ದಾಳದಲ್ಲಿ 10 ಅಥವಾ ಜಾಸ್ತಿ ಬೀಳಬೇಕು. ನೂರಕ್ಕೆ 55. ಗೈಡೆನ್ಸ್ ಮಂತ್ರ ಹಾಕಿದರೆ ಇನ್ನೊಂದು ನಾಲ್ಕು ಮುಖದ ದಾಳ ಸೇರಿ 67ರ ಮೇಲೆ ಹೋಗುತ್ತದೆ. ಆದರೆ 1 ಬಿತ್ತೋ, ನಿಮ್ಮ ಹತ್ತಿರ ಎಷ್ಟೇ ಇರಲಿ, ಸೋತಿರಿ. ಈ ನಿಯಮ ಕೆಲವರಿಗೆ ಕಿರಿಕಿರಿ. ನನಗೆ ಇಷ್ಟ. ಎಂಥ ಮಾತುಗಾರನೂ ಒಮ್ಮೊಮ್ಮೆ ತೊದಲುತ್ತಾನೆ.

ವಿಶ್ರಾಂತಿಯ ವಿಷಯ ಸ್ವಲ್ಪ ವಿಚಿತ್ರ. ಶುರುವಿನಲ್ಲೇ ತಲೆಗೆ ಹುಳು ಹೊಕ್ಕಿದೆ, ಇನ್ನು ಕೆಲವೇ ದಿನ ಅಂತ ಹೆದರಿಸುತ್ತಾರೆ. ನಾನು ನಂಬಿ ಓಡಿದೆ. ಮೈಯಲ್ಲಿ ರಕ್ತವಿಲ್ಲ, ಮಂತ್ರ ಖಾಲಿ, ಆದರೂ ಮಲಗಲಿಲ್ಲ. ಆಮೇಲೆ ಗೊತ್ತಾಯಿತು, ಜೊತೆಗಾರರ ಅರ್ಧ ಕಥೆ ನಡೆಯುವುದೇ ರಾತ್ರಿ ಬಿಡಾರದಲ್ಲಿ. ಮಲಗದವನಿಗೆ ಕಥೆಯೂ ಇಲ್ಲ. ಎರಡನೇ ಸಲ ಹೊಡೆದಾಟಕ್ಕೊಂದು ನಿದ್ದೆ ಮಾಡಿದೆ. ಕಥೆ ಸಿಕ್ಕಿತು, ಆದರೆ ಪ್ರತಿ ಜಗಳಕ್ಕೂ ಮಂತ್ರಗಳೆಲ್ಲ ತುಂಬಿಕೊಂಡೇ ಇರುತ್ತಿದ್ದವು, ಸವಾಲು ಸಪ್ಪೆಯಾಯಿತು. ಮಲಗಲು 40ರಷ್ಟು ಊಟದ ಸಾಮಾನು ಬೇಕು, ಕಠಿಣ ಮಟ್ಟವಾದ ಟ್ಯಾಕ್ಟಿಷಿಯನ್‌ನಲ್ಲಿ 80. ಆದರೂ ಪೆಟ್ಟಿಗೆ ಪೆಟ್ಟಿಗೆಯಲ್ಲೂ ತಿನ್ನುವ ವಸ್ತು ಸಿಗುವಾಗ ಆ ಲೆಕ್ಕ ಕಾಟಾಚಾರಕ್ಕೆ ಇದ್ದಂತೆ. ಕಥೆ "ಓಡು" ಅನ್ನುತ್ತದೆ, ನಿಯಮ "ಮಲಗು" ಅನ್ನುತ್ತದೆ.

ಮೂರನೇ ಸಲ ಕೆಟ್ಟವನಾಗಿ ಆಡಿದೆ. ಗಾಬ್ಲಿನ್ ಎಂಬ ದುಷ್ಟ ಗುಂಪಿನ ಪಕ್ಷ ಸೇರಿದರೆ ಕಾರ್ಲಾಕ್, ಇನ್ನೊಬ್ಬ ಜೊತೆಗಾರ ವಿಲ್ ಇಬ್ಬರೂ ಬಿಟ್ಟು ಹೋಗುತ್ತಾರೆ. ಬಿಡಾರ ಬಣಬಣ. ಬೇಜಾರಾಯಿತು, ಹೆಚ್ಚು ಹೇಳುವುದೇನಿಲ್ಲ.

ನಾಲ್ಕನೆಯದು ಆನರ್ ಮೋಡ್. 2023ರ ನವೆಂಬರ್ ಕೊನೆಯಲ್ಲಿ ಸೇರಿಸಿದರು. ಒಂದೇ ಸೇವ್, ಹಿಂದಕ್ಕೆ ಹೋಗುವಂತಿಲ್ಲ, ದೊಡ್ಡ ವೈರಿಗಳಿಗೆ ಹೊಸ ವರಸೆಗಳು. ಎರಡು ಸಲ ಸತ್ತು ಮೂರನೇ ಪ್ರಯತ್ನದಲ್ಲಿ ಮುಗಿಸಿದೆ. ಮೊದಲ ಸಾವು ದೊಡ್ಡ ಜೇಡದ ಕೈಯಲ್ಲಿ. ಮುಂದಿನ ಸಲ ಮೊದಲು ಮೊಟ್ಟೆಗಳನ್ನು ಸುಟ್ಟೆ, ಅದು ಬಲೆಯ ಸೇತುವೆ ಮೇಲೆ ಬಂದು ನಿಲ್ಲುವವರೆಗೆ ಕಾದೆ, ಬಲೆಗೇ ಬೆಂಕಿ ಇಟ್ಟೆ. ದಡಾರ್ ಅಂತ ಕೆಳಗೆ ಬಿತ್ತು. ನಿಜ ಹೇಳಬೇಕೆಂದರೆ ಕಥೆಯನ್ನು ಅತಿ ಗಮನ ಕೊಟ್ಟು ಕೇಳಿದ್ದು ಈ ಸಲವೇ. ತಪ್ಪು ಮಾತಾಡಿದರೆ ಅದನ್ನೇ ಹೊತ್ತುಕೊಂಡು ಮುಂದೆ ಹೋಗಬೇಕಲ್ಲ!

ಮೂರನೇ ಅಂಕದಲ್ಲಿ ಮಾತ್ರ ಎಲ್ಲ ಮೋಡ್‌ನಲ್ಲೂ ಹಿಡಿತ ಸಡಿಲ. ಪಾತ್ರ ಬೆಳೆಯುವುದಕ್ಕೆ ಹನ್ನೆರಡನೇ ಲೆವೆಲ್ಲೇ ಗರಿಷ್ಠ. ಊರೆಲ್ಲ ಸುತ್ತುವವರು ಅಲ್ಲಿಗೆ ಬೇಗ ಮುಟ್ಟುತ್ತಾರೆ, ಆಮೇಲೆ ಗೆದ್ದರೂ ಮೈಗೆ ಏನೂ ಹತ್ತುವುದಿಲ್ಲ. ಅಷ್ಟು ಹೊತ್ತಿಗೆ ತಂಡದ ನಾಲ್ಕೂ ಜನ ಯಮಕಿಂಕರರಂತೆ ಬೆಳೆದಿರುತ್ತಾರೆ. ಊರನ್ನೇ ನುಂಗುವ ಆಪತ್ತು ಅಂತ ಕಥೆ ಕೂಗುತ್ತಿದ್ದರೆ ನಾನು ಆಕಳಿಸುತ್ತಾ ಬಾಣ ಬಿಡುತ್ತಿದ್ದೆ.

ಹೊಡೆದಾಟವೇ ಬೇಡ, ಮಾತು ಸಾಕು ಅನ್ನುವವರು 2019ರ ಡಿಸ್ಕೋ ಎಲಿಸಿಯಂ ಆಡಿ. ಅಲ್ಲಿ ಕಾದಾಟಕ್ಕೆ ಅಂತ ಬೇರೆ ವ್ಯವಸ್ಥೆಯೇ ಇಲ್ಲ, ದಾಳ ಕೈಕೊಟ್ಟರೂ ಕಥೆ ಇನ್ನೊಂದು ಕಡೆ ಹೊರಳುತ್ತದೆ. ಇದನ್ನೇ ಆಡುತ್ತೀರಾದರೆ ಮೊದಲ ಸಲ ಬ್ಯಾಲೆನ್ಸ್ಡ್ ಎಂಬ ಮಧ್ಯಮ ಮಟ್ಟ ಸಾಕು. ಅದಕ್ಕಿಂತ ಸುಲಭದ ಎಕ್ಸ್‌ಪ್ಲೋರರ್ ಆರಿಸಿದರೂ ನಾಚಿಕೆ ಬೇಡ. ಪಾತ್ರ ಹಿಡಿಸದಿದ್ದರೆ ಬಿಡಾರದಲ್ಲಿರುವ ವಿದರ್ಸ್ ಎಂಬವನಿಗೆ ಆಟದ 100 ಚಿನ್ನ ಕೊಟ್ಟು ಕ್ಲಾಸ್ ಬದಲಾಯಿಸಬಹುದು. ಐದಕ್ಕೆ ನಾಲ್ಕೂವರೆ.

ಐದನೆಯದರಲ್ಲಿ ಬಾರ್ಬೇರಿಯನ್ ಆಗಿದ್ದೇನೆ. ನಿನ್ನೆ ರಾತ್ರಿ ಮತ್ತೆ ಅದೇ ಛತ್ರದ ಮೆಟ್ಟಿಲು ಹತ್ತಿದೆ. ಈ ಸಲ ಮಾತಾಡುವ ಮುಂಚೆಯೇ ಮೂವರನ್ನು ಇಸೊಬೆಲ್ ಸುತ್ತ ನಿಲ್ಲಿಸಿದ್ದೆ. ನನ್ನ ಸರದಿ ಬಂದ ಕೂಡಲೇ ಜೊತೆಗಾರ್ತಿ ಶ್ಯಾಡೋಹಾರ್ಟ್ ಕೈಯಲ್ಲಿ ಇಸೊಬೆಲ್ ಮೇಲೆ ಸ್ಯಾಂಕ್ಚುವರಿ ಎಂಬ ರಕ್ಷಣೆಯ ಮಂತ್ರ ಹಾಕಿಸಿದೆ. ಜಗಳ ಮುಗಿದ ಮೇಲೆ ಮೊದಲು ಮಾಡಿದ ಕೆಲಸ, ಕೆಳಗಿಳಿದು ಡ್ಯಾಮನ್ ಇದ್ದಾನಾ ಅಂತ ನೋಡಿದ್ದು. ಇದ್ದ, ಸುತ್ತಿಗೆ ಹಿಡಿದುಕೊಂಡು ನಿಂತಿದ್ದ.