ಜೇಬಿಗೆ ಹಿಡಿಯುವ ಗಾಮಾ ಮಾಪಕ: ತೀರ್ಥಹಳ್ಳಿಯಿಂದ ವಿಮರ್ಶೆ

ಕಲ್ಲು ಮಣ್ಣು ಸೂಸುವ ಗಾಮಾ ಕಿರಣವನ್ನು, ಅಂದರೆ ಕಣ್ಣಿಗೆ ಕಾಣದ ವಿಕಿರಣವನ್ನು, ಅಳೆಯುವ ಸಾಧನವಿದು. ಯುರೇನಿಯಂ ಹುಡುಕುವ ಆಸೆಯಿಂದ ಇದನ್ನು ಕೊಳ್ಳಬೇಡಿ. ಬಂಡೆ ಕಂಡಲ್ಲೆಲ್ಲ ನಿಲ್ಲುವ ಚಾಳಿ ಇದ್ದರೆ ಕೊಳ್ಳಿ. ನಾನು ಜಿಯಾಲಜಿ ಓದಿ ಅಡಿಕೆ ತೋಟಕ್ಕೆ ಮರಳಿದವನು, ನನ್ನ ಚಾಳಿ ಅದೇ.

ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಡಬ್ಬಿ. ಒಳಗೆ ಒಂದು ಘನ ಸೆಂಟಿಮೀಟರಿನ ಸೀಸಿಯಂ ಅಯೊಡೈಡ್ ಹರಳು. ಗೀಗರ್ ಕೌಂಟರ್ ಬರೀ ಎಣಿಸುತ್ತದೆ. ಇದು ಕಿರಣ ಬಿದ್ದಾಗ ಹರಳಿನಲ್ಲಿ ಏಳುವ ಮಿನುಗು ಅಳೆದು, ಬಂದ ಕಿರಣ ಯಾವ ಧಾತುವಿನದ್ದು ಅಂತಲೂ ಹೇಳುತ್ತದೆ. ಕಿರಣದ ಶಕ್ತಿಯೇ ಗುರುತು: ಪೊಟ್ಯಾಸಿಯಂ 1.46 ಎಂಇವಿ (ಆ ಶಕ್ತಿಯ ಮಾನ), ಯುರೇನಿಯಂ ಸಂತತಿಯ (ಅದು ಕ್ಷಯಿಸುತ್ತ ಹುಟ್ಟುವ ಧಾತುಗಳ ಸಾಲಿನ) ಬಿಸ್ಮತ್-214 1.76, ಥೋರಿಯಂ ಸಂತತಿಯ ಥ್ಯಾಲಿಯಂ-208 2.61. ಯುರೇನಿಯಂ ಹುಡುಕುವ ವಿಮಾನದ ಸರ್ವೆಯಲ್ಲೂ ನೋಡುವುದು ಈ ಮೂರನ್ನೇ. ಆದರೆ ಅಲ್ಲಿರುವುದು 16 ಲೀಟರಿಗೂ ಮಿಗಿಲಾದ ಸೋಡಿಯಂ ಅಯೊಡೈಡ್ ಹರಳು. ನೂರು ಮೀಟರ್ ಆಸುಪಾಸಿನ ಎತ್ತರದಲ್ಲಿ ಹಾರುತ್ತಲೇ ಸೆಕೆಂಡಿಗೊಂದು ಲೆಕ್ಕ ಕೊಡುತ್ತದೆ. ನಮ್ಮದನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ರಾತ್ರಿಯಿಡೀ ಬಿಟ್ಟ ಮೇಲೆ ಪೊಟ್ಯಾಸಿಯಂ ಶೃಂಗ (ಗ್ರಾಫಿನ ಏರು) ನಿಚ್ಚಳವಾಗಿ ಎದ್ದಿತು. ಥೋರಿಯಂನ 2.61ರ ಕಡೆ ಪಾಪ, ಇಷ್ಟು ಚಿಕ್ಕ ಹರಳಿಗೆ ತಾಕತ್ತು ಸಾಲದು.

ಮಲೆನಾಡಿನಲ್ಲಿ ಇದರ ನಿಜವಾದ ಪರೀಕ್ಷೆ ಮಳೆ. ಬಿಸಿಲು ಕಾಲದ ಕೊನೆಗೆ ಗುಡುಗಿ ಒಂದು ಜೋರು ಮಳೆ ಬಿತ್ತು ನೋಡಿ, ಅಂಗಳದಲ್ಲಿ ಎಣಿಕೆ ಸರ್ರನೆ ಏರಿತು. ಎಣಿಕೆಯನ್ನು ಬಣ್ಣದಲ್ಲಿ ತೋರಿಸುವ ಆ್ಯಪ್‌ನ ನಕ್ಷೆಯಲ್ಲಿ ಅಂಗಳವೆಲ್ಲ ಕೆಂಪು. ಪಕ್ಕದ ತೋಟದವರು ಇಣುಕಿ, ಯುರೇನಿಯಂ ಸಿಕ್ಕಿತು ಅಂದುಕೊಂಡು, 'ಸರ್ಕಾರ ಜಮೀನು ತಗೊಳ್ಳುತ್ತಾ ಮಾರಾಯ್ರೇ?' ಅಂದರು. ನೆಲದ ಯುರೇನಿಯಂನಿಂದ ಹುಟ್ಟಿ ಗಾಳಿಗೆ ಸೇರುವ ರೇಡಾನ್ ಅನಿಲದ ಸಂತತಿಯನ್ನು ಮಳೆ ತೊಳೆದು ನೆಲಕ್ಕೆ ತರುತ್ತದೆ. ಬಿಸ್ಮತ್-214ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಸಮಯ) ಸುಮಾರು 20 ನಿಮಿಷ, ಅದರ ತಾಯಿ ಸೀಸ-214ರದ್ದು 27. ಮೂರು ತಾಸಿನಲ್ಲಿ ಎಲ್ಲ ತಣ್ಣಗಾಯಿತು. ಅವರು ಮಾತ್ರ ಇನ್ನೂ ನಂಬಿಲ್ಲ.

ಜಡಿಮಳೆ ಹಿಡಿದ ಮೇಲೆ ಇದರ ತದ್ವಿರುದ್ಧ. ಗಾಮಾ ಬರುವುದೇ ಮೇಲಿನ ಅರ್ಧ ಮೀಟರ್ ಮಣ್ಣಿನಿಂದ. ಮಣ್ಣು ನೀರು ಕುಡಿದರೆ ಲೆಕ್ಕ ಇಳಿಯುತ್ತದೆ. ಆಗುಂಬೆ ಕಡೆ ಆಷಾಢದಲ್ಲಿ ಇದನ್ನು ಹಿಡಿದು ಹೊರಟರೆ ಉಂಬಳ ಕಚ್ಚಿಸಿಕೊಂಡದ್ದಷ್ಟೇ ಲಾಭ. ದೊಡ್ಡ ಸರ್ವೆಯವರೂ ಮಳೆ ಬಂದರೆ ಹಾರಾಟ ನಿಲ್ಲಿಸುತ್ತಾರೆ, ರೇಡಾನ್ ಲೆಕ್ಕ ಕಳೆಯಲು ಆಕಾಶ ನೋಡುವ ಹರಳನ್ನೇ ಬೇರೆ ಇಟ್ಟಿರುತ್ತಾರೆ. ಅಷ್ಟಾದರೂ ವಿಮಾನ ತೋರಿಸುವುದು ಎಲ್ಲಿ ಇಳಿದು ನೋಡಬೇಕು ಅನ್ನುವುದನ್ನು ಮಾತ್ರ. ಆಮೇಲೆ ಕಾಲ್ನಡಿಗೆ, ಕಲ್ಲಿನ ಮಾದರಿ, ಕೊನೆಗೆ ಕೊರೆತ. ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ ಅದಿರು ಸುಣ್ಣಕಲ್ಲಿನಲ್ಲೂ ಅದರಡಿಯ ಗ್ರಾನೈಟಿನಲ್ಲೂ ಆಳಕ್ಕೆ ಕೂತಿದೆ. ಅಂಥದ್ದಕ್ಕೆ ಕೊರೆದ ಕೊಳವೆಯೊಳಗೆ ಮಾಪಕ ಇಳಿಸಿ ಅಳೆಯದೆ ಗತಿಯಿಲ್ಲ.

ಬೇಸರದ ಸಂಗತಿ ಆ ನಕ್ಷೆಯೇ. ಬಣ್ಣದ ಅಳತೆಪಟ್ಟಿ ತಾನೇ ಹಿಗ್ಗಿಕೊಂಡು ಕೂದಲೆಳೆಯ ವ್ಯತ್ಯಾಸಕ್ಕೂ ಕೆಂಪು ಬಳಿಯುತ್ತದೆ. ಕೊಂಡ ದಿನವೇ ಅದನ್ನು ಕೈಯಾರೆ ಹೊಂದಿಸಿಕೊಳ್ಳಿ. ಬ್ಯಾಟರಿ ಚೆನ್ನಾಗಿದೆ. ಥಂಡಿಗೆ ಹೇಗೋ ಏನೋ, ಜಿಪ್ ಕವರಿನಲ್ಲೇ ಇಟ್ಟಿದ್ದೇನೆ. ಮೂವತ್ತು ಸಾವಿರದ ಹತ್ತಿರ ಬೀಳುತ್ತದೆ, ಪಾಠ ಮಾಡುವವರಿಗೆ ದುಬಾರಿಯಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ, ಜಂಬಿಟ್ಟಿಗೆಯ ದರೆ ಅಳೆಯುವ ಕೆಲಸ ಇನ್ನೂ ಬಾಕಿ.